ಕಾಕು ಕಲಸದ ಔಷಧ

ಕಾಕುವಿನ ಬಲಗೈಯ ಮೂರು ಬೆರಳುಗಳು ಎರಡನೆಯ ಗೆಣ್ಣಿನವರೆಗೆ ಹಸಿರುಗಪ್ಪಾಗಿದ್ದವು. ಬೂದಿ ಹಚ್ಚಿ ಉಜ್ಜಿದರೂ, ಸಾಬೂನು ಹಾಕಿ ತಿಕ್ಕಿದರೂ ಹೋಗುವ ಬಣ್ಣವಲ್ಲ. ಬೇವು ಚರ್ಮದೊಳಗೇ ಇಳಿದಿತ್ತು. ಬಿಳಿ ಸೀರೆ, ಬಿಳಿ ಸೆರಗು, ಬರಿ ಕಿವಿ, ಬರಿ ಕೊರಳು. ಇಡೀ ಮೈಯಲ್ಲಿ ಬಣ್ಣ ಅಂತ ಇದ್ದದ್ದು ಆ ಮೂರು ಬೆರಳಿಗೆ ಮಾತ್ರ. ಹಬ್ಬಕ್ಕೆ ಓಣಿಯ ಹೆಂಗಸರು ಕೂಡಿ ಉಂಡಿ ಕಟ್ಟುವಾಗ ಅವರೂ ಪರಾತಕ್ಕೆ ಕೈ ಹಾಕಿದರೆ, "ಕಾಕು, ನೀವ ಸುಮ್ಮ ಕೂಡ್ರಿ, ಉಂಡಿ ಕಹಿ ಆಗ್ತಾವು" ಎಂದು ಸೊಸೆಯಂದಿರು ನಗುತ್ತಿದ್ದರು. "ಆಗಲಿ ಬಿಡ್ರೆ. ನಿಮ್ಮ ಅತ್ತೇರು ಎರಡ ಕಮ್ಮಿ ತಿಂತಾರು, ನಿಮಗ ಎರಡ ಉಳೀತಾವು" ಎಂದು ಕಾಕು ಕೈ ಹಿಂದೆ ತೆಗೆಯದೆಯೇ ಅನ್ನುತ್ತಿದ್ದರು.

ನಿಪ್ಪಾಣಿ ಹತ್ತಿರದ ಭೋಜ ಎಂಬ ಊರಿನ ಒಂದು ಜೈನ ಮನೆತನದ ಸೊಸೆ ಅವರು. ಇಪ್ಪತ್ತೆರಡನೇ ವಯಸ್ಸಿಗೆ ಗಂಡ ಹೋದ, ಮಕ್ಕಳಿರಲಿಲ್ಲ. ಮಾವ ಹಳ್ಳಿಯ ವೈದ್ಯರು. ಮಗ ಸತ್ತ ಮೇಲೆ ಸೊಸೆಯನ್ನು ಅಡಿಗೆಮನೆಯ ಮೂಲೆಗೆ ಕೂಡಿಸದೆ ಔಷಧ ಅರೆಯುವ ತಮ್ಮ ಖಲಬತ್ತಿನ ಮುಂದೆ ಕೂಡಿಸಿಕೊಂಡರು. ಮಾವ ತೀರಿಕೊಂಡ ಮೇಲೆ ಆ ಕಲ್ಲು ಇವರದಾಯಿತು. ಕಾಕು ಅಂದರೆ ನಮ್ಮ ಗಡಿಭಾಗದಲ್ಲಿ ಚಿಕ್ಕಪ್ಪನ ಹೆಂಡತಿ. ಅವರು ಯಾರ ಚಿಕ್ಕಪ್ಪನ ಹೆಂಡತಿಯೋ, ಊರಿಗೆಲ್ಲ ಕಾಕು ಆದರು.

ನನ್ನದು ಎಣ್ಣೆಯ ಗಾಣ. ನಾಲ್ಕನೇ ಇಯತ್ತೆ ಮುಗಿಯುವುದರೊಳಗೆ ಅಪ್ಪ ಹಾಸಿಗೆ ಹಿಡಿದ. ಪಾಟಿಚೀಲ ಗೂಟಕ್ಕೆ ಹಾಕಿ ನಾನು ಗಾಣಕ್ಕೆ ನಿಂತೆ. ಇಪ್ಪತ್ತೈದು ತುಂಬುವ ಹೊತ್ತಿಗೆ ಎತ್ತು ಬಿಟ್ಟು ಕರೆಂಟಿನ ಗಾಣ ಹಾಕಿಸಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಕುಸುಬಿಯ ಎಣ್ಣೆಯಲ್ಲಿ ಒಂದು ಹಿಡಿ ಬೇರೆ ಕಾಳು ಬಿದ್ದಿದ್ದರೂ ಮೂಗಿನಿಂದಲೇ ಹೇಳುತ್ತಿದ್ದೆ. ನಿಪ್ಪಾಣಿಯ ಪೇಟೆಯವರೂ ನನ್ನ ಮೂಗನ್ನು ನಂಬುತ್ತಿದ್ದರು. ಆ ಸೊಕ್ಕನ್ನು ಮೊದಲು ಮುರಿದವರು ಕಾಕು.

ಬೇವಿನ ಹಣ್ಣಿಗೆ ನಮ್ಮ ಕಡೆ ಲಿಂಬೋಳಿ ಅನ್ನುತ್ತಾರೆ. ಅದನ್ನು ಆರಿಸಿ, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ ಕಾಕು ಒಂದು ಚೀಲ ಬೀಜ ತಂದಿದ್ದರು. ನಾನು ಎಲ್ಲ ಗಾಣದವರೂ ಮಾಡುವಂತೆ ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ತುಸು ಹುರಿದು ಹಾಕಿದೆ. ಎಣ್ಣೆ ಹೆಚ್ಚು ಬೀಳುತ್ತದೆ. ಅವರು ಬಂದು ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಖ ನೋಡಿದರು.

"ತಮ್ಮಾ, ಹುರದಿ ಏನು?"

"ಇಲ್ರಿ ಕಾಕು."

"ಹುರದಿ."

"ಸ್ವಲ್ಪ ಬೆಚ್ಚಗ ಮಾಡೀನ್ರಿ. ಎಣ್ಣಿ ಜಾಸ್ತಿ ಬೀಳ್ತೈತಿ."

"ಬೀಳ್ತೈತಿ, ಖರೆ. ಆದ್ರ ಬೆಂಕಿ ಕಂಡ ಬೇವು ಬರೇ ನಾರತೈತಿ, ಕೆಲಸಾ ಮಾಡಂಗಿಲ್ಲ. ಇದು ಹೆಣ್ಣಮಕ್ಕಳ ಮೈಗೆ ಹೋಗೂದು. ಇದನ್ನ ನಿನ್ನ ಗಾಣದ ಗಾಲಿಗೆ ಹಾಕ್ಕೊ."

ಡಬ್ಬಿ ಅಲ್ಲೇ ಬಿಟ್ಟು ಹೋದರು. ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ನಾನೇ ದೂಧಗಂಗಾ ದಂಡೆಯ ಗಿಡಗಳ ಬುಡದಲ್ಲಿ ಲಿಂಬೋಳಿ ಆರಿಸಿದೆ, ಹನ್ನೆರಡು ದಿನ ನೆರಳಲ್ಲಿ ಒಣಗಿಸಿದೆ, ಗಾಣ ಮೊದಲು ತೊಳೆದು, ಬೆಂಕಿ ಮುಟ್ಟಿಸದೆ ನಿಧಾನ ಹಿಂಡಿದೆ. ಅರ್ಧದಷ್ಟೇ ಎಣ್ಣೆ ಬಿತ್ತು. ಒಯ್ದು ಅವರ ಹೊಸ್ತಿಲಲ್ಲಿ ಇಟ್ಟೆ. ಮೂಸಿದರು, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡರು. "ಈಗ ನೀ ಗಾಣದಾವ ಆದಿ" ಎಂದರು. ಆಮೇಲೆ ಹನ್ನೆರಡು ವರ್ಷ ಅವರ ಎಣ್ಣೆ ನನ್ನ ಗಾಣದಲ್ಲಿಯೇ ಹಿಂಡಿದ್ದು.

ಆ ಎಣ್ಣೆ ಯಾತಕ್ಕೆ ಎಂಬುದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಮೇಲಿಂದ ಮೇಲೆ ಹೆತ್ತು ಸೊರಗಿದ ಹೆಂಗಸರಿಗೆ ಒಂದೆರಡು ವರ್ಷ ಬಸಿರು ನಿಲ್ಲದಿರಲಿ ಎಂದು, ಬಿಳಿಸೆರಗು, ತುರಿಕೆ ಇದ್ದವರಿಗೆ ಕಡಿಮೆಯಾಗಲಿ ಎಂದು, ಕಾಕು ಬೇವಿನೆಣ್ಣೆಗೆ ಬೇವಿನೆಲೆಯ ರಸ, ರಿಠಾ ಕಾಯಿಯ ಸಿಪ್ಪೆ ಕುದಿಸಿದ ನೀರು ಕೂಡಿಸಿ, ಅರಳೆಯಲ್ಲಿ ಅದ್ದಿ ಒಳಗೆ ಇಟ್ಟುಕೊಳ್ಳಲು ಕೊಡುತ್ತಿದ್ದರು. ರಿಠಾ ಅಂದರೆ ತಲೆ ತೊಳೆಯುವ, ನೊರೆ ಬರುವ ಕಾಯಿ. ಅದನ್ನು ಹಾಕುವಾಗ ಮಾತ್ರ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಹನಿ ಎಣಿಸುತ್ತಿದ್ದರು. "ರಿಠಾ ಸೊಸಿ ಇದ್ದಂಗ. ತೂಕದಾಗ ಇದ್ರ ಮನಿ ತೊಳೀತಾಳು, ತೂಕಾ ತಪ್ಪಿದ್ರ ಮನಿ ಸುಡ್ತಾಳು. ನಾನೂ ಸೊಸೀನ, ನನಗ ಗೊತ್ತೈತಿ" ಅನ್ನುತ್ತಿದ್ದರು.

ಅಷ್ಟಮಿ ಚತುರ್ದಶಿಗೆ ಜೈನರ ಮನೆಯಲ್ಲಿ ಹಸಿರು ಕೀಳುವುದಿಲ್ಲ. ಕಾಕು ಔಷಧಿಗೂ ಎಲೆ ಹರಿಯುತ್ತಿರಲಿಲ್ಲ. ಯಾರಾದರೂ ದೂರದಿಂದ ಬಂದು ಗೋಗರೆದರೆ, "ಇವತ್ತ ಗಿಡಕ್ಕ ಸೂಟಿ ಐತಿ, ನಾಳೆ ಬಾರವಾ" ಎಂದು ಕಳಿಸುತ್ತಿದ್ದರು. ಔಷಧಿಗೆ ಜೇನು ಮುಟ್ಟಿಸುತ್ತಿರಲಿಲ್ಲ, ಬೆಲ್ಲದ ಪಾಕ. ಇದೆಲ್ಲ ಅವರ ಧರ್ಮ. ಆದರೆ ಜನ ಅವರನ್ನು ನೋಡಿ ಹೆಚ್ಚು ನಗುತ್ತಿದ್ದದ್ದು ಬೇರೆ ಕಾರಣಕ್ಕೆ. ಸಂತೆಯ ಔಷಧಿಯವರು ಒಂದೇ ಸೀಸೆಯಿಂದ ಹಲ್ಲುನೋವು, ಮೂಲವ್ಯಾಧಿ, ಬಂಜೆತನ ಮೂರನ್ನೂ ಓಡಿಸುವ ಕಾಲದಲ್ಲಿ ಇವರು ಮಾತುಮಾತಿಗೆ "ಗೊತ್ತಿಲ್ಲವಾ" ಅನ್ನುತ್ತಿದ್ದರು. "ಎಂಟ ದಿನಾ ಹಚ್ಚಿ ನೋಡು. ಕಮ್ಮಿ ಆಗಲಿಲ್ಲಂದ್ರ ಚಿಕ್ಕೋಡಿ ದವಾಖಾನಿಗೆ ಹೋಗು, ನಾಚಕೋಬ್ಯಾಡ." ಔಷಧ ಕೊಡುವವರೇ ಹೀಗೆಂದರೆ ನಂಬುವವರು ಯಾರು? ಆದರೂ ಹೆಂಗಸರು ಅವರ ಕಡೆಗೇ ಬರುತ್ತಿದ್ದರು. ಯಾಕೆಂದು ನನಗೆ ಆಗ ತಿಳಿಯುತ್ತಿರಲಿಲ್ಲ.

ನಿಪ್ಪಾಣಿಯ ಹೆದ್ದಾರಿಯಲ್ಲಿ ಟ್ರಕ್ಕುಗಳು ನಿಲ್ಲುವ ಕಡೆ ಬದುಕುತ್ತಿದ್ದ ಹೆಣ್ಣುಮಕ್ಕಳಿಗೂ ಈ ಸುದ್ದಿ ಮುಟ್ಟಿತು. ಅವರು ಜೈನರ ಓಣಿಗೆ ಬರುವಂತಿರಲಿಲ್ಲ. ಹಾಗಾಗಿ ನನ್ನ ಗಾಣದ ಹಿಂದಿನ, ಹಿಂಡಿ ತುಂಬಿಡುವ ಪತ್ರಾಸ ತಗಡಿನ ಕೋಣೆಯಲ್ಲಿ ವಾರಕ್ಕೊಮ್ಮೆ ಕಾಕು ಕೂಡುತ್ತಿದ್ದರು, ಮಧ್ಯಾಹ್ನ ಬಂದು, ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಎದ್ದು ಹೋಗುತ್ತಿದ್ದರು. ಇದು ಅವರ ಮನೆತನದ ಹಿರಿಯರಿಗೆ ತಿಳಿದು ಒಬ್ಬರು ಗಾಣಕ್ಕೇ ಬಂದರು. "ಎಂಥಾ ಮನಿತನದ ಹೆಣ್ಣಮಗಳು ನೀ. ಎಂಥಾವರ ಜೋಡಿ ಕೂಡ್ತಿ?" ಕಾಕು ಅರಳೆ ಹಿಂಜುತ್ತಿದ್ದರು, ತಲೆ ಎತ್ತಲಿಲ್ಲ. "ನೀರ ಸೋಸಿ ಕುಡೀತೀವ್ರಿ ಮಾವಾ, ಹುಳಾ ಸಾಯಬಾರದಂತ. ಇವರು ಹುಳಾಕ್ಕಿಂತಾ ಕಡೀ ಏನ್ರಿ?" ಅಂದರು. ಹಿರಿಯರು ಚಪ್ಪಲಿ ಮೆಟ್ಟಿಕೊಂಡು ಹೋದರು, ಮತ್ತೆ ಬರಲಿಲ್ಲ.

ತೊಂಬತ್ತರ ನಂತರ ಆ ರೋಗದ ಹೆಸರು ನಮ್ಮ ಕಡೆಗೂ ಬಂತು. ಮೊದಲು ಅದು ಮುಂಬಯಿ ರೋಗ, ಆಮೇಲೆ ಡ್ರೈವರ್ ರೋಗ, ಕಡೆಗೆ ಏಡ್ಸ್. ವಾರಕ್ಕೊಮ್ಮೆ ಬರುವವರಲ್ಲಿ ಒಬ್ಬಳು ಒಣಗುತ್ತಾ ಹೋಗಿ ಒಂದು ವಾರ ಬರಲೇ ಇಲ್ಲ. ಉಳಿದವರು ಕಾಕುವನ್ನು ಸುತ್ತುವರಿದರು.

"ಕಾಕು, ನಿಮ್ಮ ಬೇವು ಆ ರೋಗಾ ತಡೀತೈತೇನ್ರಿ?"

"ಗೊತ್ತಿಲ್ಲ."

"ಬಸರ ತಡೀತೈತಿ, ತುರಿಕಿ ತಡೀತೈತಿ. ಅದನ್ಯಾಕ ತಡಿಯಂಗಿಲ್ಲ?"

"ಬಸರೂ ಎಲ್ಲಾರಿಗೂ ತಡದಿಲ್ಲ. ತಡದಾವರು ಬಂದ ಹೇಳ್ತಾರು, ತಡೀಲಾರದಾವರು ಹಡಿಯಾಕ ಹೋಗ್ತಾರು. ನೀವು ದವಾಖಾನ್ಯಾಗ ಕೊಡೂ ನಿರೋಧ ಹಾಕ್ಕೋ ಅನ್ರಿ ಅವರಿಗೆ."

"ಟೈರ್ ಹಾಕ್ಕೊಂಡ ಬಾ ಅಂದಂಗ ಸಿಟ್ಟಿಗೇಳ್ತಾರ್ರಿ" ಎಂದು ಒಬ್ಬಳು ಅಂದಳು. ಎಲ್ಲರೂ ನಕ್ಕರು. ಕಾಕುವೂ ನಕ್ಕರು. ಬಿಳಿ ಸೀರೆ ಉಟ್ಟವರ ಬಾಯಲ್ಲಿ ಅಂಥ ಮಾತು ಕೇಳಿ ನಾನು ಮಾತ್ರ ಹಿಂಡಿಯ ಚೀಲದ ಹಿಂದೆ ತಲೆ ತಗ್ಗಿಸಿಕೊಂಡೆ.

ಅದೇ ಹೊತ್ತಿಗೆ ದೂರದ ಊರಿನ ಪ್ರಯೋಗಶಾಲೆಯವರು ಬಂದರು. ಅವರಲ್ಲಿ ಒಬ್ಬ ಡಾಕ್ಟರಬಾಯಿ ಮರಾಠಿಯಲ್ಲಿ ಸಮಾಧಾನದಿಂದ ಮಾತಾಡುತ್ತಿದ್ದರು. ಗಿಡಮೂಲಿಕೆಗಳಲ್ಲಿ ಆ ರೋಗಾಣುವನ್ನು ತಡೆಯುವಂಥದ್ದು ಏನಾದರೂ ಇದೆಯೇ ಎಂದು ಹುಡುಕುತ್ತಿದ್ದೇವೆ ಅಂದರು. ನನ್ನ ಗಾಣದ ಎಣ್ಣೆ, ಕಾಕುವಿನ ರಿಠಾ ನೀರು, ಎಲೆರಸ ಎಲ್ಲವನ್ನೂ ಬೇರೆ ಬೇರೆ ಸೀಸೆಯಲ್ಲಿ ತುಂಬಿಕೊಂಡು ಹೋದರು. ಎಷ್ಟೋ ತಿಂಗಳ ಮೇಲೆ ಕೊಟ್ಟ ಮಾತಿನಂತೆ ಹೇಳಲು ತಿರುಗಿ ಬಂದರು. ಗಾಜಿನ ನಳಿಗೆಯಲ್ಲಿ ರೋಗಾಣುವಿನ ಮೇಲೆ ಹಾಕಿ ನೋಡಿದೆವು, ಸಾಯುತ್ತದೆ ಅಂದರು.

ನನ್ನ ಎದೆ ಒಂದು ಗೇಣು ಉಬ್ಬಿತು. ನಾಲ್ಕನೇ ಇಯತ್ತೆಯವನ ಎಣ್ಣೆ. ಕಾಕು ಮಾತ್ರ ಕೇಳಿದರು: "ಗಾಜಿನಾಗ ಬಟ್ಟಿ ಸಾಬೂನ ಹಾಕಿದ್ರ ಸಾಯ್ತೈತೇನ್ರಿ, ಬಾಯಿ?"

ಡಾಕ್ಟರಬಾಯಿ ನಕ್ಕರು. ಅದೂ ಸಾಯುತ್ತದೆ ಅಂದರು.

"ಮತ್ತ ಮೈಯಾಗ?"

ಅದು ನಮಗೂ ಗೊತ್ತಿಲ್ಲ ಕಾಕು, ಎಂದರು ಡಾಕ್ಟರಬಾಯಿ. ಮೈಯಲ್ಲಿ ಪರೀಕ್ಷೆಯಾಗಲು ಇನ್ನೂ ವರ್ಷಗಳು ಬೇಕು. ನೊರೆ ಬರುವ ಪದಾರ್ಥ ಒಳಗಿನ ಚರ್ಮವನ್ನು ಸುಡಬಹುದು; ಸುಟ್ಟು ಗಾಯವಾದರೆ ರೋಗ ಇನ್ನೂ ಸಲೀಸಾಗಿ ಹೊಕ್ಕೀತು. ಇದನ್ನು ನಂಬಿ ಯಾರೂ ನಿರೋಧ ಬಿಡಬಾರದು.

ಕಾಕು ನನ್ನ ಕಡೆ ತಿರುಗಿ "ಕೇಳಿದ್ಯಾ?" ಅಂದರು. ನಾನು ಹೌದೆಂದೆ. ನನ್ನ ಕಿವಿಗೆ ಹೊಕ್ಕದ್ದು ಸಾಯುತ್ತದೆ ಎಂಬ ಒಂದು ಮಾತು. ಉಳಿದದ್ದು ಓದಿದವರ ಅಂಜುಬುರುಕುತನ ಅಂದುಕೊಂಡೆ.

ಮುಂದಿನ ವಾರ ಕಾಕು ಹೆದ್ದಾರಿಯ ಹೆಣ್ಣುಮಕ್ಕಳಿಗೆ ಔಷಧ ಕೊಡಲಿಲ್ಲ. "ಇನ್ನ ಕೊಡಂಗಿಲ್ರೆ. ಇದನ್ನ ನಂಬಿ ಅದನ್ನ ಬಿಡ್ತೀರಿ. ನಾ ಬಾಗಲಾ ಹಾಕೇನಿ ಅಂತ ತಿಳದಿದ್ನಿ, ತಗದ ಇಟ್ಟಿದ್ನೇನೋ, ಯಾರಿಗ್ಗೊತ್ತು." ಅವರು ಬೈದರು, ಒಬ್ಬಳು ಅತ್ತಳು. ನಾನು ಅವರ ಪರವಾಗಿ ಜಗಳಕ್ಕೆ ನಿಂತೆ. "ಗಾಜಿನಾಗ ಸತ್ತದ್ದ ಮೈಯಾಗ ಯಾಕ ಸಾಯಂಗಿಲ್ರಿ ಕಾಕು? ದೇವರು ಕೊಟ್ಟಾನ, ನೀವು ಇಲ್ಲ ಅಂತೀರಿ." ಕಾಕು ಅರಳೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು, "ದೇವರಿಗೆ ಗೊತ್ತಿದ್ರ ದೇವರ್ನ ಕೇಳು. ನನ್ನ ಕೇಳಿದ್ರ ನನಗ ಗೊತ್ತಿಲ್ಲ" ಎಂದು ನಡೆದರು. ಊರಿನ ಹೆಂಗಸರಿಗೂ ಕೊಡುವುದನ್ನು ನಿಲ್ಲಿಸಿದರು. ನಲವತ್ತು ವರ್ಷ ತಮಗೆ ಹೆಸರು ತಂದ ಔಷಧವನ್ನು ಒಂದು ಮಧ್ಯಾಹ್ನದಲ್ಲಿ ಬಿಟ್ಟರು. ನಾನು ಗಾಣಕ್ಕೆ ಬಂದವರಿಗೆಲ್ಲ ನನ್ನ ಎಣ್ಣೆಯ ಸುದ್ದಿ ಹೇಳುತ್ತಲೇ ಇದ್ದೆ.

ನನಗೆ ಒಬ್ಬಳೇ ತಂಗಿ, ನನಗಿಂತ ಎಂಟು ವರ್ಷ ಸಣ್ಣವಳು. ಅಪ್ಪ ಹೋದ ಮೇಲೆ ಅವಳನ್ನು ಬೆಳೆಸಿದವನು ನಾನೇ. ಕಾಗವಾಡಕ್ಕೆ ಕೊಟ್ಟಿದ್ದೆವು. ಅವಳ ಗಂಡ, ನಮ್ಮ ಕಡೆಯ ಮಾತಿನಲ್ಲಿ ದಾಜಿ, ಸಕ್ಕರೆಯ ಲೋಡಿನ ಟ್ರಕ್ಕು ಓಡಿಸುತ್ತಿದ್ದ. ದಾಜಿ ವಯಸ್ಸಿನಲ್ಲಿ ನನಗಿಂತ ಸಣ್ಣವನಾದರೂ ನಮ್ಮ ಮನೆಗೆ ಬಂದರೆ ಮೊದಲ ಮಣೆ ಅವನಿಗೆ, ಮೊದಲ ಹೋಳಿಗೆ ಅವನಿಗೆ. ಅವನು ಏಕವಚನದಲ್ಲಿ ಕರೆಯಬಹುದು, ನಾವು 'ರಿ' ಹಚ್ಚದೆ ಮಾತಾಡುವಂತಿಲ್ಲ. ಹೆಣ್ಣು ಕೊಟ್ಟವರು ತಲೆ ಬಾಗಿಸಿ ನಡೆಯಬೇಕು. ಇದು ನಮ್ಮಲ್ಲಿ ಯಾರೂ ಕಲಿಸದೆ ಬರುವ ಪಾಠ.

ಒಂದು ಪಂಚಮಿಗೆ ತವರಿಗೆ ಬಂದವಳು ನನ್ನ ಹೆಂಡತಿಯ ಮುಂದೆ ಬಾಯಿ ಬಿಟ್ಟಳು. ದಾಜಿಯ ಟ್ರಕ್ಕಿನ ಕ್ಲೀನರ್ ಆ ರೋಗದಿಂದಲೇ ಮಿರಜದ ದವಾಖಾನೆಯಲ್ಲಿ ತೀರಿಕೊಂಡಿದ್ದ. ಇಬ್ಬರೂ ಹೋದಲ್ಲೆಲ್ಲ ಕೂಡಿಯೇ ಹೋಗುತ್ತಿದ್ದವರು. "ವೈನಿ, ಅವರು ಮನಿಗೆ ಬಂದ್ರ ನನಗ ಅಂಜಿಕಿ ಬರ್ತೈತಿ" ಅಂದಳಂತೆ. ಹೆಂಡತಿ ನನಗೆ ಹೇಳಿದಳು. ನಾನು ನೇರ ಕಾಕುವಿನ ಹೊಸ್ತಿಲಿಗೆ ಹೋದೆ.

"ಕಾಕು, ತಂಗಿ ಸಲುವಾಗಿ ಆ ಔಷಧ ಬೇಕ್ರಿ."

"ಕೊಡಂಗಿಲ್ಲ."

"ನನ್ನ ತಂಗಿರಿ. ಬ್ಯಾರೆ ಯಾರೂ ಅಲ್ಲ."

"ಅದಕ್ಕ ಕೊಡಂಗಿಲ್ಲ. ಕೂಡು ಇಲ್ಲೆ. ನಾಳೆ ಕಾಗವಾಡಕ್ಕ ಹೋಗು. ದಾಜಿನ ಎದುರಿಗೆ ಕುಂಡ್ರಿಸಿಕೊಂಡ ಹೇಳು, ರಕ್ತಾ ತಪಾಸ ಮಾಡಸ್ರಿ, ಅಲ್ಲೀತನಕಾ ತಂಗಿ ನಮ್ಮ ಮನ್ಯಾಗ ಇರ್ತಾಳು ಅಂತ."

"ದಾಜಿಗೆ ಅಂಥಾ ಮಾತ ನಾ ಹೆಂಗ ಹೇಳ್ಲಿ ಕಾಕು? ಹೆಣ್ಣ ಕೊಟ್ಟಾವರು ನಾವು."

"ಕೊಟ್ಟೀರಿ, ಖರೆ. ಕೊಟ್ಟ ಮ್ಯಾಲ ಸತ್ತಳೋ ಬದಕಿದಳೋ ಕೇಳಬಾರದು ಅಂತ ಯಾವ ಶಾಸ್ತ್ರದಾಗ ಐತಿ?"

"ಮಂದಿ ನಗ್ತಾರ್ರಿ. ತಂಗಿನ ಬಿಡಿಸಿಕೊಂಡ ಬಂದ ಅಂತಾರು."

"ನಗಲಿ. ನಕ್ಕಾವರು ಸಂಜಿಕ ಮರೀತಾರು." ಕಾಕು ಸೆರಗಿನಿಂದ ಕೈ ಒರೆಸಿಕೊಂಡು ಅಂದರು: "ನಿನಗ ಬಾಯಿ ಬರಲಿಲ್ಲಂದ್ರ ನಾ ಬರ್ತೀನಿ ನಿನ್ನ ಕೂಡ. ನೀ ಬರೇ ನಿಲ್ಲು, ಮಾತ ನಾ ಆಡ್ತೀನಿ."

ನನ್ನ ಬಾಳಿನಲ್ಲಿ ಅಷ್ಟು ದೊಡ್ಡ ಮಾತು ಇನ್ನಾರೂ ಆಡಿಲ್ಲ. ಆದರೆ ಆವತ್ತು, ನನ್ನ ಮನೆಯ ಮಾತನ್ನು ಒಬ್ಬ ಹೆಂಗಸು, ಅದೂ ಪರ ಜಾತಿಯ ವಿಧವೆ, ನನ್ನ ಬೀಗರ ಅಂಗಳದಲ್ಲಿ ನಿಂತು ಆಡುವುದನ್ನು ನೆನೆಸಿಕೊಂಡೇ ನನ್ನ ಮೈ ಕುದಿಯಿತು. "ನಮ್ಮನಿ ವಿಚಾರ ನಾ ನೋಡ್ಕೋತೀನ್ರಿ" ಎಂದು ಎದ್ದು ಬಂದೆ.

ನೋಡಿಕೊಂಡದ್ದು ಹೀಗೆ. ಆ ಔಷಧ ಕಲಸುವುದನ್ನು ಹತ್ತು ವರ್ಷ ಕಣ್ಣಾರೆ ಕಂಡಿದ್ದೆ. ಗಾಣ ತೊಳೆದು, ಒಳ್ಳೆಯ ಲಿಂಬೋಳಿ ಹಾಕಿ, ಮೊದಲ ಹಿಂಡಿನ ಎಣ್ಣೆ ತೆಗೆದೆ. ಎಲೆ ಅರೆದು ರಸ ಸೋಸಿದೆ. ರಿಠಾ ಕುದಿಸಿದೆ. ಕಾಕು ಹನಿ ಎಣಿಸುವಲ್ಲಿ ನಾನು ಸೌಟಿನಿಂದ ಹಾಕಿದೆ. ಎಣ್ಣೆಯವನ ಬುದ್ಧಿ: ದಪ್ಪಗಾದಷ್ಟು ಕಸುವು ಹೆಚ್ಚು. ಗಾಜಿನಲ್ಲಿ ಸಾಯುವುದಾದರೆ ಇದರಲ್ಲಿ ಸತ್ತೇ ಸಾಯುತ್ತದೆ ಅಂದುಕೊಂಡೆ. ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಹೆಂಡತಿಯ ಕೈಗೆ ಕೊಟ್ಟು, "ಕಾಕು ಕೊಟ್ಟಾರ, ಹೆಂಗ ಇಟ್ಕೋಬೇಕು ಹೇಳಿಕೊಡು" ಅಂದೆ.

ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. "ಕಾಕುನ ಕಲಸ್ಯಾರೇನ್ರಿ ವೈನಿ?" ಎಂದಳು ತಂಗಿ. "ಮತ್ಯಾರ ಕಲಸ್ತಾರು" ಎಂದಳು ಹೆಂಡತಿ. ತಂಗಿ ಬಾಟಲಿಯನ್ನು ಕಣ್ಣಿಗೆ ಒತ್ತಿಕೊಂಡು ಸೀರೆಯ ಗಂಟಿನಲ್ಲಿ ಇಟ್ಟುಕೊಂಡಳು. ನಾಲ್ಕು ದಿನದಲ್ಲಿ ದಾಜಿ ಬಂದು ಕರೆದೊಯ್ದ. ನಾನು ಬಸ್ ಸ್ಟ್ಯಾಂಡಿನವರೆಗೆ ಅವನ ಚೀಲ ಹೊತ್ತು ಹೋದೆ.

ತೀರಿದಂತೆಲ್ಲ ಬಾಟಲಿ ಕಳಿಸುತ್ತಿದ್ದೆ. ಮುಂದಿನ ದೀಪಾವಳಿಗೆ ಬಂದಾಗ ತಂಗಿ ನನ್ನ ಹೆಂಡತಿಗೆ, ಬಹಳ ಉರಿಯುತ್ತದೆ, ಒಮ್ಮೊಮ್ಮೆ ರಕ್ತ ಕಾಣುತ್ತದೆ ಅಂದಳಂತೆ. ಹೆಂಡತಿ ಕಾಕುವನ್ನೇ ಕೇಳಿ ಬರುತ್ತೇನೆ ಅಂದಳು. ನಾನು ತಡೆದೆ, ನಾನೇ ಕೇಳುತ್ತೇನೆ ಅಂದೆ. ಒಂದು ಸುತ್ತು ಊರೊಳಗೆ ಹೋಗಿ ಬಂದು, "ಉರದ್ರ ಔಷಧ ಹತ್ತೈತಿ ಅಂತ ಅರ್ಥ, ಬಿಡಬ್ಯಾಡ ಅಂದಾರ" ಎಂದು ಹೇಳಿದೆ. ನಮ್ಮಲ್ಲಿ ಉರಿಯುವ ಔಷಧವೇ ಔಷಧ. ಗಾಯಕ್ಕೆ ಹಚ್ಚಿದ್ದು ಉರಿಯದಿದ್ದರೆ ದುಡ್ಡು ತಿರುಗಿ ಕೇಳುವ ಜನ ನಾವು.

ಮೂರನೇ ವರ್ಷಕ್ಕೆ ತಂಗಿ ಹಾಸಿಗೆ ಹಿಡಿದಳು. ಮಿರಜದಲ್ಲಿ ರಕ್ತ ನೋಡಿ ಅದೇ ರೋಗ ಅಂದರು. ದಾಜಿ ಆಗಲೂ ಗಟ್ಟಿಮುಟ್ಟಾಗಿದ್ದ, ಗಾಡಿ ಓಡಿಸುತ್ತಿದ್ದ. ನಾನು ಕಾಗವಾಡಕ್ಕೆ ಹೋದಾಗ ಅವನ ತಾಯಿ ಅಂಗಳದಲ್ಲಿಯೇ ಅಂದಳು: "ನಿಮ್ಮ ಹುಡಿಗಿ ಎಲ್ಲಿಂದ ತಂದಳೋ ಏನೋ, ನಮ್ಮ ಹುಡುಗ ಕಲ್ಲಿನಂಗ ಅದಾನ. ಕರಕೊಂಡ ಹೋಗ್ರಿ." ದಾಜಿ ಹೊರಸಿನ ಮೇಲೆ ಕುಳಿತು ತಂಬಾಕು ತಿಕ್ಕುತ್ತಿದ್ದ. ನಾನು ಏನಂದೆ? "ಆತ್ರಿ, ಹೋಗಿ ಬರ್ತೀವ್ರಿ" ಅಂದೆ. ಆಗಲೂ 'ರಿ' ಬಿಡಲಿಲ್ಲ.

ತಂಗಿಯನ್ನು ಹಿಂಡಿಯ ಕೋಣೆಯನ್ನು ಖಾಲಿ ಮಾಡಿ ಮಲಗಿಸಿದೆವು. ಹೆಂಡತಿಗೆ ಮಕ್ಕಳ ಭಯ. ತಾಟು ಲೋಟ ಬೇರೆ ಇಟ್ಟಳು, ಗಂಜಿಯನ್ನು ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದಳು. ಅವಳನ್ನು ಬೈಯಲು ನನಗೆ ಮುಖವಿರಲಿಲ್ಲ. ನಾನೂ ಬಾಗಿಲಲ್ಲಿಯೇ ನಿಲ್ಲುತ್ತಿದ್ದೆ. ಒಳಗೆ ಹೋಗುತ್ತಿದ್ದವರು ಕಾಕು ಒಬ್ಬರೇ. ಯಾರೂ ಕರೆಯದೆ ಬಂದರು. ದಿನಾಲು ಮಧ್ಯಾಹ್ನ ಬಂದು ಮೈ ಒರೆಸಿ, ಹಾಸಿಗೆ ಬದಲಿಸಿ, ಗಂಜಿ ಕುಡಿಸಿ, ಹೊತ್ತು ಇಳಿಯುವ ಮುಂಚೆ ಹೋಗುತ್ತಿದ್ದರು. "ಹಿಂಗ ಮುಟ್ಟಿದ್ರ ಬರಂಗಿಲ್ಲ ಅಂತ ಡಾಕ್ಟರಬಾಯಿ ಹೇಳ್ಯಾರ. ಇದೊಂದು ಗೊತ್ತೈತಿ ನನಗ" ಎಂದು ನನ್ನ ಹೆಂಡತಿಗೆ ಹೇಳಿದರು.

ಒಂದು ಮಧ್ಯಾಹ್ನ ಕಾಕು ತಂಗಿಯ ತಲೆ ಬಾಚುತ್ತಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ತಂಗಿ ಸಣ್ಣ ದನಿಯಲ್ಲಿ 'ಕಾಕು' ಅಂದಳು.

"ಏನವಾ?"

"ನೀವ ಕೊಟ್ಟ ಔಷಧ ಒಂದ ದಿನಾನೂ ತಪ್ಪಿಸಿಲ್ರಿ ನಾ. ಉರದ್ರೂ ಬಿಡಲಿಲ್ಲ. ಅಣ್ಣಾ ಹೇಳಿ ಕಳಿಸಿದ್ದ, ನೀವ ಬಿಡಬ್ಯಾಡ ಅಂದೀರಿ ಅಂತ. ನಾ ಇಟ್ಕೊಳ್ಳೂದ್ರಾಗ ಏನರ ತಪ್ಪ ಮಾಡಿದ್ನೇನ್ರಿ?"

ಕಾಕುವಿನ ಕೈಯ ಬಾಚಣಿಗೆ ಕೂದಲಲ್ಲಿ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ; ಹುರಿದ ಎಣ್ಣೆಯ ಡಬ್ಬಿ ತೆರೆದ ದಿನ ನೋಡಿದಂತೆ ನೋಡಿದರು, ಎಲ್ಲ ತಿಳಿಯಿತು ಎಂಬಂತೆ. ಅವರು ಒಂದು ಮಾತು ಆಡಿದರೆ ನನ್ನ ತಂಗಿಗೆ ನಾನು ಯಾರೆಂದು ತಿಳಿಯುತ್ತಿತ್ತು.

ಕಾಕು ಮತ್ತೆ ಬಾಚತೊಡಗಿದರು. "ನಿಂದೇನೂ ತಪ್ಪಿಲ್ಲವಾ. ನಂದ ತೂಕಾ ತಪ್ಪಿತು. ಮುದಿಕಿ ಆಗೇನಿ, ಕಣ್ಣ ಮಂಜ ಆಗ್ಯಾವು."

"ಇರ್ಲಿ ಬಿಡ್ರಿ ಕಾಕು. ನೀವೇನ ಬೇಕಂತ ಮಾಡೀರಿ?" ಅಂದಳು ನನ್ನ ತಂಗಿ. ಸಾಯುವವಳು ಅವರನ್ನು ಸಮಾಧಾನ ಮಾಡಿದಳು.

ಅದಾದ ಹನ್ನೊಂದು ದಿನಕ್ಕೆ ತೀರಿಕೊಂಡಳು. ಮೈ ತೊಳೆಯಲು ನಮ್ಮ ಮಂದಿಯಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಕಾಕು ಬಿಳಿ ಸೀರೆಯನ್ನು ಟೊಂಕಕ್ಕೆ ಕಟ್ಟಿ, ನೀರು ಕಾಯಿಸಿಕೊಂಡು, ಒಬ್ಬರೇ ತೊಳೆದರು, ಅರಿಷಿಣ ಹಚ್ಚಿದರು, ಮುತ್ತೈದೆಯ ಹಸಿರು ಸೀರೆ ಉಡಿಸಿದರು. ಕಾಗವಾಡದಿಂದ ಬಂದವರು ಅಂಗಳದಾಚೆ ನಿಂತಿದ್ದರು. ಔಷಧದ ವಿಷಯ ಅವರಿಗೆ ಹೇಗೋ ತಿಳಿದಿತ್ತು. ತಂಗಿಯೇ ಅತ್ತೆಗೆ ಹೇಳಿದ್ದಿರಬೇಕು. ದಾಜಿ ನಾಲ್ಕು ಜನರ ಮುಂದೆ ಅಂದ: "ಈ ಮುದಿಕೀನ ಏನೇನೋ ಹಾಕಿಸಿ ಕೊಂದಾಳ. ಚಲೋ ಇದ್ಲು ನನ್ನ ಹೇಣ್ತಿ." ಅವನಿಗೆ ಅದು ಬೇಕಾಗಿತ್ತು. ನನಗೂ ಬೇಕಾಗಿತ್ತು. ಇಬ್ಬರ ಪಾಪಕ್ಕೂ ಒಂದೇ ತಲೆ ಸಿಕ್ಕಿತ್ತು. ನಾನು ಸುಮ್ಮನಿದ್ದೆ.

ಆ ಮಾತು ಭೋಜದಿಂದ ನಿಪ್ಪಾಣಿಗೆ, ಚಿಕ್ಕೋಡಿಗೆ ಹೋಯಿತು. ಹೆಂಗಸರು ಕಾಕುವಿನ ಹೊಸ್ತಿಲು ತುಳಿಯುವುದನ್ನು ಬಿಟ್ಟರು. ಕೆಮ್ಮಿಗೆ ಜ್ಯೇಷ್ಠಮಧು ಕೇಳುವವರೂ ಇಲ್ಲ. ಬಸದಿಯಲ್ಲಿ ಅವರು ಕುಳಿತರೆ ಪಕ್ಕದವರು ಚಾಪೆ ಸರಿಸುತ್ತಿದ್ದರು. ಮೈದುನನ ಮಗ ಮನೆಯ ಮರ್ಯಾದೆಗೆಂದು ಖಲಬತ್ತನ್ನು ಎತ್ತಿ ಹಿತ್ತಲಿಗೆ ಹಾಕಿದ.

ತಡೆಯಲಾರದೆ ಒಂದು ದಿನ ಹೋದೆ. ಕಾಕು ಪಡಸಾಲೆಯಲ್ಲಿ ಸುಮ್ಮನೆ ಕುಳಿತಿದ್ದರು. ಕೈಗೆ ಕೆಲಸವಿಲ್ಲದೆ ಅವರನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕ ಸುಳ್ಳ ಹೇಳಿದ್ರಿ ಕಾಕು, ಆಕಿ ಮುಂದ?"

"ಆಕಿಗೆ ಸಾಯೂ ಮುಂದ ಅಣ್ಣಾ ಬೇಕಾಗಿದ್ದ. ಔಷಧ ಕೊಡೂ ಮುದಿಕಿ ಇಲ್ಲಂದ್ರೂ ನಡೀತಿತ್ತು."

"ಈಗ ಮಂದಿ ನಿಮಗ ಅನ್ನಾಕತ್ತಾರಲ್ರಿ."

"ಅನ್ನಾಕತ್ತಾರ."

"ನೀವು ಖರೆ ಏನು ಅಂತ ಹೇಳಿಬಿಡ್ರಿ. ನಾ ಇಲ್ಲ ಅನ್ನಂಗಿಲ್ಲ."

ಕಾಕು ನೆಲಕ್ಕೆ ಕೈ ಊರಿ ಎದ್ದರು. "ಅದನ್ನೂ ನನ್ನ ಕೈಲೆ ಮಾಡಸ್ತಿ?" ಅಂದರು. ಅಷ್ಟೇ. ಒಳಗೆ ಹೋದರು. ಆಮೇಲೆ ಅವರು ನನ್ನೊಂದಿಗೆ ಮಾತಾಡಲಿಲ್ಲ. ನಾನು ಅವರ ಓಣಿಗೆ ಹೋಗಲೂ ಇಲ್ಲ.

ಮರುವರ್ಷದ ಮಳೆಗಾಲದಲ್ಲಿ, ಆ ದಶಕ ಮುಗಿಯುತ್ತಿರುವಾಗ, ನಾಲ್ಕು ದಿನದ ಜ್ವರಕ್ಕೆ ಕಾಕು ಹೋದರು. ಒಂದು ಕಾಲಕ್ಕೆ ಅವರಿಂದ ಗುಣವಾದವರೆಲ್ಲ ಬಂದಿದ್ದರೆ ದಹನಭೂಮಿಯ ದಾರಿ ಸಾಲುತ್ತಿರಲಿಲ್ಲ. ಬಂದವರು ಹದಿನೈದಿಪ್ಪತ್ತು ಜನ. ನಾನು ಹಿಂದೆ ಹಿಂದೆ ನಡೆದೆ. ಎಲ್ಲ ಮುಗಿದು ನದಿಯಲ್ಲಿ ಕಾಲು ತೊಳೆದುಕೊಂಡು ಕುಳಿತಾಗ ಅವರ ಮೈದುನನ ಮಗ ನನ್ನ ಮುಂದೆ ಬಂದು ಕೈ ಮುಗಿದ. "ನಮ್ಮ ಕಾಕುನಿಂದ ನಿಮ್ಮ ಮನಿಗೆ ಬಾಳ ದೊಡ್ಡ ಅನ್ಯಾಯ ಆತ್ರಿ. ಆದ್ರೂ ಮಣ್ಣಿಗೆ ಬಂದೀರಿ. ಕ್ಷಮಾ ಮಾಡ್ರಿ" ಅಂದ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಅಂದದ್ದು: "ಇರ್ಲಿ ಬಿಡ್ರಿ. ಹೋದವರ ಮ್ಯಾಲ ಏನ ಸಿಟ್ಟು."

"ದೊಡ್ಡ ಮನಸಿನ ಮನುಷ್ಯಾ" ಎಂದು ಯಾರೋ ಅಂದರು. ಇನ್ನೊಬ್ಬರು ನನ್ನ ಹೆಗಲ ಮೇಲೆ ಕೈ ಇಟ್ಟರು. ನಾನು ಆ ಕೈಯನ್ನು ಸರಿಸಲಿಲ್ಲ.

ದಾಜಿ ಎರಡು ವರ್ಷದೊಳಗೆ ಅದೇ ರೋಗದಿಂದ ಸತ್ತ. ಊರು ಅದನ್ನು ಕೇಳಿತು, ಆದರೂ ಕಾಕುವಿಗೆ ಅಂಟಿಸಿದ ಮಾತನ್ನು ಯಾರೂ ಕಿತ್ತು ತೆಗೆಯಲಿಲ್ಲ. ಇವತ್ತಿಗೂ ಆ ಕಡೆಯ ಹೆಂಗಸರು ಅವರ ನೆನಪು ಬಂದರೆ ನನ್ನ ತಂಗಿಯ ಸಾವಿನ ಮಾತು ತೆಗೆಯುತ್ತಾರೆ. ನನ್ನನ್ನು ಕಂಡರೆ ಕ್ಷಮಿಸಿದವನು ಅನ್ನುತ್ತಾರೆ. ಆ ಬಾಟಲಿಗಳಲ್ಲಿ ಒಂದನ್ನೂ ಕಾಕು ಕಂಡಿರಲಿಲ್ಲ. ಕಲಸಿದವನು ನಾನು, ಕಳಿಸಿದವನು ನಾನು, ಉರಿಯುತ್ತದೆ ಅಂದಾಗ ಬಿಡಬೇಡ ಅಂದವನೂ ನಾನು. ಇದನ್ನು ಬಸದಿಯ ಮುಂದೆ, ಆ ಚಾಪೆ ಸರಿಸಿದವರ ಎದುರಿಗೆ, ಕಾಕು ಬದುಕಿದ್ದಾಗ ಹೇಳಬೇಕಾಗಿತ್ತು. ಕಾಕುವೂ ತಂಗಿಯೂ ಸತ್ತ ಮೇಲೆ ಕಾಗದದ ಮೇಲೆ ಹೇಳುತ್ತಿದ್ದೇನೆ.